ಸೋರಿಕೆ

ದೀಪಾವಳಿ ವಿಶೇಷಾಂಕಕ್ಕೆ ಒಂದು ಪದ್ಯ ಬೇಕಂತೆ.
ಸಂಪಾದಕರು ಫೋನಿನಲ್ಲಿ:
“ಎಡಗಡೆ ಪುಟ ಬಿಟ್ಟಿದ್ದೇವೆ ಮೇಡಂ, ಮೂವತ್ತು ಸಾಲು.
ಹೆಚ್ಚಾದರೆ ಚಿತ್ರ ಸಣ್ಣ ಮಾಡ್ತೀವಿ.”
ಚಿತ್ರ ಆಗಲೇ ಬಂದಿದೆಯಂತೆ.
ಯಾವುದರ ಚಿತ್ರ ಎಂದು ಕೇಳಿದೆ.
“ಒಬ್ಬಳು ಹೆಂಗಸು, ಒಂದು ಕಿಟಕಿ.”

ಏಪ್ರಿಲಿನಿಂದ ನಾನೊಂದು ಸಾಲು ಬರೆದಿಲ್ಲ.
ಬೇರೆಯವರ ಸಾಲು ತಿದ್ದಿದ್ದೇನೆ, ಅಷ್ಟೆ.
ಚಾಮರಾಜಪೇಟೆಯ ಪ್ರೆಸ್ಸಿನ ಹಿಂದಿನ ಕೋಣೆಯಲ್ಲಿ
ಲಗ್ನಪತ್ರಿಕೆ, ಸಹಕಾರ ಸಂಘದ ವರದಿ,
ಹತ್ತನೇ ಕ್ಲಾಸಿನ ಭೂಗೋಳದ ಗೈಡು.
ಒತ್ತು ಬಿದ್ದುಹೋಗಿದ್ದರೆ ಅಂಚಿನಲ್ಲೊಂದು ಒತ್ತು.
ಸಂಜೆಗೆ ಬೆರಳ ತುದಿ ಕೆಂಪು,
ಒಳಗೆ ಬಡಿದರೆ ಡಬ್ಬೆನ್ನುವ ಖಾಲಿ ಸಿಂಟೆಕ್ಸು.

ಹುಡುಕಲಿಲ್ಲವೆಂದಲ್ಲ.
ಒಂದು ಭಾನುವಾರ ಗುಲಾಬಿ ಟಿಕೆಟ್ಟು ಹಿಡಿದು
ಮಾರ್ಕೆಟ್ಟಿನಿಂದ ಅತ್ತಿಬೆಲೆ, ಅತ್ತಿಬೆಲೆಯಿಂದ ಮಾರ್ಕೆಟ್ಟು.
ಹಿಂದಿನ ಸೀಟಿನಲ್ಲಿ ಯಾರೋ ಫೋನಿಗೆ:
“ಬೀಗ ಹಂಗೇ ಐತೆ ಕಣೇ, ಬಾಗ್ಲೇ ಇಲ್ಲ ಈಗ.”
ಮೈ ಜುಮ್ಮೆಂದು ಬರೆದುಕೊಂಡೆ.
ಬೆಳಿಗ್ಗೆ ನೋಡಿದರೆ ಬೀಗ ಇತ್ತು,
ಬಾಗಿಲಿಲ್ಲದ ಆ ಮನೆಗೆ
ಎಲ್ಲಿಂದ ಹೋಗಬೇಕೋ ತಿಳಿಯಲಿಲ್ಲ.

ಕಣ್ಣು ಮುಚ್ಚಿ ನಿಘಂಟು ತೆರೆದೆ.
ಬೆರಳು ಬಿದ್ದದ್ದು ಳ ಮೇಲೆ.
ನಾಲ್ಕೇ ಸಾಲು, ಉಳಿದದ್ದು ಬಿಳಿ ಕಾಗದ.
ಳ ಯಾವ ಮಾತನ್ನೂ ಶುರು ಮಾಡುವುದಿಲ್ಲ,
ಯಾವಾಗಲೂ ಯಾರದೋ ಬೆನ್ನ ಹಿಂದೆ:
ಅಳು, ಬಾಳು, ಹಾಳು, ಕೇಳು.
ನಿಘಂಟು ಮುಚ್ಚಿಟ್ಟು ಮಲಗಿದೆ.

ನಮ್ಮ ಬೀದಿಗೆ ಕಾವೇರಿ ದಿನ ಬಿಟ್ಟು ದಿನ,
ಅದೂ ರಾತ್ರಿ ಎರಡೂವರೆಗೆ.
ಬಿಂದಿಗೆ ಇಡಲೆಂದು ಎದ್ದು ಬಂದರೆ ನಲ್ಲಿಯಲ್ಲಿ ಗಾಳಿ,
ಬೀದಿಯಲ್ಲಿ ನೀರು ಬಿಡುವ ಮುನಿಶಾಮಪ್ಪ.
ವಾಲ್ವಿನ ಉದ್ದ ಕೀಲಿ ಗೋಡೆಗೊರಗಿಸಿ
ಕಬ್ಬಿಣದ ಸರಳೊಂದನ್ನು ಟಾರಿನ ಮೇಲೆ ನಿಲ್ಲಿಸಿ
ಮೇಲ್ತುದಿಗೆ ಕಿವಿಯಿಟ್ಟು ಬಗ್ಗಿದ್ದ,
ಮಗುವಿನ ಎದೆಬಡಿತ ಕೇಳುವವನ ಹಾಗೆ
ಎನ್ನಲು ಹೋದೆ. ಇಲ್ಲ,
ಚಾಡಿ ಕೇಳುವವನ ಹಾಗೆ.

“ಸೋರಿಕೆ ಅಮ್ಮಾ. ಮೂರನೇ ಕ್ರಾಸಿಗೆ ಪ್ರೆಶರ್ರಿಲ್ಲ.
ನಾನು ಬಿಟ್ಟಿದ್ದು ಬಿಟ್ಟಂಗೇ ಐತೆ, ಬಂದು ಮುಟ್ಟಾಕಿಲ್ಲ.
ಮಧ್ಯದಾಗೆ ಎಲ್ಲೋ ನೆಲ ಕುಡೀತಾ ಐತೆ.
ಹಗಲೊತ್ತು ಕೇಳ್ಸಾಕಿಲ್ಲ ಬಿಡಿ, ಬಸ್ಸು, ಹಾರನ್ನು.
ಈ ಹೊತ್ನಾಗೆ ಕೇಳ್ತದೆ.”

ಸರಳು ನನಗೂ ಕೊಟ್ಟ.
ಮೊದಲು ನನ್ನದೇ ರಕ್ತದ ಸದ್ದು.
ಆಮೇಲೆ ಬರೀ ಕಬ್ಬಿಣ, ತಣ್ಣಗೆ.
ಆಮೇಲೆ, ಬಲು ಕೆಳಗೆ,
ಯಾರೋ ಏನೋ ಹೇಳಹೊರಟು
ಹಲ್ಲಿನ ಸಂದಿಯಲ್ಲಿ ಉಸಿರು ತಡೆದ ಹಾಗೆ ಒಂದು ಸ್‌ಸ್.
“ಇಲ್ಲೇನಾ?”
“ಇಲ್ಲಿ ಸದ್ದು ಮಾತ್ರ. ಒಡೆದಿರೋದು ಮುಂದಿರ್ತದೆ,
ಇಲ್ಲಾಂದ್ರೆ ಹಿಂದೆ.”

ಎರಡು ಹೆಜ್ಜೆ, ಬಗ್ಗಿದ. ಮತ್ತೆರಡು ಹೆಜ್ಜೆ.
ಟಾರ್ಪಾಲು ಹೊದ್ದ ಇಡ್ಲಿ ಗಾಡಿಯ ಹತ್ತಿರ
ಸೀಮೆಸುಣ್ಣದಲ್ಲಿ ಒಂದು ಸೊನ್ನೆ ಬರೆದ,
ಚಪ್ಪಲಿಯಲ್ಲಿ ಉಜ್ಜಿದ,
ಗೇಣಾಚೆ ಇನ್ನೊಂದು ಬರೆದ.
ಪ್ರೂಫು ತಿದ್ದುವವರ ಗುರುತಿನ ಹಾಗೇ ಇತ್ತು.

ಏಪ್ರಿಲಿನಲ್ಲಿ ಒಬ್ಬ ಬಂದಿದ್ದ,
ತಾಯಿಯ ಹನ್ನೊಂದನೆಯ ದಿನದ ಕಾರ್ಡಿಗೆ.
ತಾಯಿಯ ಹೆಸರು ಕಾಳಮ್ಮ.
ಮುನ್ನೂರು ಕಾರ್ಡಿನಲ್ಲೂ ಕಾಲಮ್ಮ.
ನನ್ನ ಕಣ್ಣ ಕೆಳಗೇ ದಾಟಿಹೋದದ್ದು.
ಅವನು ಆ ಅಕ್ಷರದ ಮೇಲೆ ಹೆಬ್ಬೆರಳು ಆಡಿಸಿ,
ಶಾಯಿ ಒಣಗಿದೆಯೇ ಎಂದು ನೋಡುವವನ ಹಾಗೆ,
“ಪರ್ವಾಗಿಲ್ಲ ಬಿಡಿ, ಬರೋರಿಗೆಲ್ಲ ಗೊತ್ತು” ಎಂದು
ದುಡ್ಡು ಎಣಿಸಿಕೊಟ್ಟು ಹೋದ.
ಪೂರ್ತಿ ದುಡ್ಡು.
ಮಾಲೀಕರಿಗೆ ನಾನು ಹೇಳಲಿಲ್ಲ.
ಯಾರಿಗೂ.

ಹಿಂದೆ ನಮ್ಮನೆಯ ನಲ್ಲಿ ಕೆಮ್ಮಿತು,
ಮಣ್ಣುಬಣ್ಣದ ಒಂದು ಗುಟುಕು ಉಗುಳಿತು.
“ಹೋಗಿ ಹಿಡ್ಕಳಿ, ಅರ್ಧ ಗಂಟೆ ಅಷ್ಟೇಯ.”

ಸಂಪಾದಕರೇ,
ಸಾಲು ಮೂವತ್ತು ದಾಟಿವೆ, ಚಿತ್ರ ಸಣ್ಣ ಮಾಡಿ.
ಕಿಟಕಿಯನ್ನು ತೆಗೆದರೂ ಆದೀತು.
ಆ ಹೆಂಗಸಿನ ಹೆಸರು ಒಂದೇ ಕಡೆ ಸರಿಯಾಗಿ ಬಂದಿದೆ,
ಒಂದು ಕಡೆ ತಪ್ಪಾಗಿ. ಎರಡೂ ಹಾಗೇ ಇರಲಿ.
ಮತ್ತೊಂದು ಮಾತು:
ಪ್ರೂಫು ನನಗೇ ಕಳಿಸಿ.